ಪ್ರೈಮರ್ ಆರದಿದ್ದರೆ ಡಬ್ಬಿಯನ್ನು ಬೈಯಬೇಡಿ

ದಸರಾ ಹತ್ತಿರ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಬಣ್ಣದಂಗಡಿಗಳಲ್ಲಿ ಒಂದು ದೂರು ಖಾಯಂ. “ಹಚ್ಚಿ ಮೂರು ದಿನ ಆತು, ಬಾಗಿಲಾ ಇನ್ನಾ ಕೈಗಿ ಅಂಟಲಾಕತ್ತದ ನೋಡ್ರಿ.” ಅಂಗಡಿಯವರು ಪೇಂಟರ್ ಮೇಲೆ ಹಾಕುತ್ತಾರೆ, ಪೇಂಟರ್ ಬಡಿಗನ ಮೇಲೆ, ಬಡಿಗ ಮಳೆಯ ಮೇಲೆ. ಮನೆಯವರು ಮಾತ್ರ ಕಂಪನಿಯನ್ನೇ ಬೈಯುತ್ತಾರೆ.

ಜಗಳಕ್ಕಿಂತ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಅದೇ ಡಬ್ಬಿಯ ಪ್ರೈಮರನ್ನು ತಳದಿಂದ ಚೆನ್ನಾಗಿ ಕಲಕಿ, ಏನೂ ಬೆರೆಸದೆ, ಗಾಜಿನ ತುಂಡಿನ ಮೇಲೆ ತೆಳ್ಳಗೆ ಎಳೆದು ಗಾಳಿಯಾಡುವ ನೆರಳಲ್ಲಿಡಿ. ಮರುದಿನ ಅದು ಆರಿ ಗಟ್ಟಿಯಾಗಿದ್ದರೆ ಡಬ್ಬಿಯದು ತಪ್ಪಲ್ಲ. ದೋಷ ಕಟ್ಟಿಗೆಯಲ್ಲಿದೆ, ಇಲ್ಲವೇ ಪ್ರೈಮರ್‌ಗೆ ಬೆರೆಸಿದ್ದರಲ್ಲಿದೆ, ಹಚ್ಚಿದ ರೀತಿಯಲ್ಲಿದೆ. ಗಾಜಿನ ಮೇಲೂ ಅಂಟುತ್ತಿದ್ದರೆ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಹೋಗಬಹುದು. ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಡಬ್ಬಿಗಳಲ್ಲಿ ಹೀಗಾಗುವುದುಂಟು: ಬೇಗ ಆರಲೆಂದು ಹಾಕಿದ ಡ್ರೈಯರ್ ನಿಧಾನವಾಗಿ ಬಣ್ಣದ ಪುಡಿಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ.

“ಬಿಸಿಲಿಗೆ ಹಿಡಿದರ ತಾನೇ ಆರತದ”

ಎಲ್ಲ ತಪ್ಪುಗಳ ಬೇರು ಈ ನಂಬಿಕೆಯಲ್ಲಿದೆ. ಎಣ್ಣೆ ಆಧಾರಿತ ಪ್ರೈಮರ್ ಒಗೆದ ಬಟ್ಟೆಯಂತೆ ಆರುವುದಿಲ್ಲ. ಮೊದಲು ಅದರಲ್ಲಿರುವ ಟರ್ಪೆಂಟೈನ್ ಹಾರಿಹೋಗುತ್ತದೆ; ಅದಕ್ಕೆ ಕೆಲವೇ ಗಂಟೆ ಸಾಕು. ಉಳಿದ ಎಣ್ಣೆಯಂಶ ಆಮೇಲೆ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ, ಅಣುವಿಗೆ ಅಣು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾಗುವಾಗ ಅಗಸೆ ಎಣ್ಣೆಯ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ನಮ್ಮ ಭಾಗದವರಿಗೆ ಇದನ್ನು ಅಡುಗೆಮನೆಯಿಂದಲೇ ತೋರಿಸಬಹುದು. ಅಗಸಿ, ಕುಸುಬಿ, ಶೇಂಗಾ ಮೂರನ್ನೂ ಇಲ್ಲಿ ಬೆಳೆಯುತ್ತಾರೆ, ಮೂರರ ಎಣ್ಣೆಯನ್ನೂ ತೆಗೆಯುತ್ತಾರೆ. ಒಂದೊಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ ಬಿಡಿ. ಅಗಸೆ ಎಣ್ಣೆ ಕೆಲವು ದಿನಗಳಲ್ಲಿ ಪೊರೆಗಟ್ಟುತ್ತದೆ, ಕುಸುಬಿ ಎಣ್ಣೆ ಇನ್ನೂ ನಿಧಾನ. ಶೇಂಗಾ ಎಣ್ಣೆ ಎಷ್ಟು ದಿನವಾದರೂ ಜಿಡ್ಡಾಗಿಯೇ ಇರುತ್ತದೆ. ಎಣ್ಣೆ ಎಷ್ಟು ಆಮ್ಲಜನಕ ಹಿಡಿಯಬಲ್ಲದು ಎಂಬುದಕ್ಕೆ ಅಯೋಡಿನ್ ಮೌಲ್ಯ ಒಂದು ಅಳತೆ. ಅಗಸೆಯದು ಸಾಮಾನ್ಯವಾಗಿ 170ಕ್ಕೆ ಮೇಲೆ, ಕುಸುಬಿಯದು 140ರ ಆಸುಪಾಸು, ಶೇಂಗಾದ್ದು 100ರೊಳಗೆ. ಔಡಲ ಎಣ್ಣೆಯೂ ಹಸಿಯಾಗಿದ್ದಾಗ ಆರುವ ಜಾತಿಯದಲ್ಲ. ಕಾರ್ಖಾನೆಯಲ್ಲಿ ಅದರ ಅಣುವಿನಿಂದ ನೀರು ಕಿತ್ತ ಮೇಲಷ್ಟೇ ಬಣ್ಣಕ್ಕೆ ಬರುತ್ತದೆ.

ಹಾಗಾಗಿ ಪ್ರೈಮರ್‌ಗೆ ಬೇಕಿರುವುದು ಮುಖ್ಯವಾಗಿ ಗಾಳಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಹೊಸದಾಗಿ ಹಚ್ಚಿದ ಬಾಗಿಲನ್ನು ಒರಗಿಸಿಟ್ಟರೆ ಮೇಲ್ಪದರ ಗಂಟೆಯೊಳಗೆ ಕೆನೆಗಟ್ಟುತ್ತದೆ. ಕೆಳಗಿನ ಪದರಕ್ಕೆ ಆಮೇಲೆ ಗಾಳಿ ತಾಗುವುದಿಲ್ಲ, ಅದು ಹಸಿಯಾಗಿಯೇ ಉಳಿಯುತ್ತದೆ. ಮುಟ್ಟಿದರೆ ಒಣಗಿದಂತೆ, ಉಗುರು ಊರಿದರೆ ಮೆತ್ತಗೆ. ದಪ್ಪಗೆ ಹಚ್ಚಿದಾಗಲೂ ಆಗುವುದು ಇದೇ. ಮಳೆಗಾಲದ ಕಥೆ ಬೇರೆ: ನಮ್ಮಲ್ಲಿ ಸೆಪ್ಟೆಂಬರ್ ಜೋರು ಮಳೆಯ ತಿಂಗಳು, ಬಣ್ಣ ಹಚ್ಚಿಸುವ ಅವಸರವೂ ಆಗಲೇ. ತೇವದ ಗಾಳಿಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ರಾತ್ರಿಯ ಕೆಲಸ ಮೂರು ದಿನಕ್ಕೆ ಎಳೆಯುತ್ತದೆ. ಎರಡೂ ಕಾಲಕ್ಕೆ ಮದ್ದು ಒಂದೇ: ನೆರಳು, ತೆರೆದ ಕಿಟಕಿ, ಒಂದು ಫ್ಯಾನು, ತೆಳುವಾದ ಪದರ.

“ಸಾಗವಾನಿ ಅಂದಮ್ಯಾಲ ಚಿಂತಿ ಯಾಕ?”

ಚಿಂತೆ ಅಲ್ಲಿಯೇ ಹೆಚ್ಚು. ಸಾಗವಾನಿಗೆ ಗೆದ್ದಲು ಸುಲಭಕ್ಕೆ ಹತ್ತದಿರಲು ಕಾರಣವಾದ ಅದರೊಳಗಿನ ಸಹಜ ರಾಸಾಯನಿಕಗಳೇ ಎಣ್ಣೆ ಆಮ್ಲಜನಕ ಹಿಡಿಯುವುದನ್ನೂ ತಡೆಯುತ್ತವೆ. ಜೊತೆಗೆ ಜಿಡ್ಡು. ಪ್ರೈಮರ್ ಹಚ್ಚುವ ಸ್ವಲ್ಪ ಮೊದಲು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಹಾರಿದ ಕೂಡಲೇ ಹಚ್ಚಬೇಕು. ಇವತ್ತು ಒರೆಸಿ ನಾಳೆ ಹಚ್ಚಿದರೆ ಒಳಗಿನ ಜಿಡ್ಡು ಮತ್ತೆ ಮೇಲೆ ಬಂದಿರುತ್ತದೆ.

ಬೇವು, ಜಾಲಿಯ ಚೌಕಟ್ಟುಗಳ ತೊಂದರೆ ಹಸಿತನ. ಕಟ್ಟಿಗೆ ಅಡ್ಡೆಯಿಂದ ತಂದು ವಾರದೊಳಗೆ ಗೋಡೆಗೆ ಕೂರಿಸಿ, ಮರುವಾರ ಪ್ರೈಮರ್ ಹಚ್ಚುವವರಿದ್ದಾರೆ. ಹಸಿತನ ತಿಳಿಯಲು ಯಂತ್ರ ಬೇಡ. ಅದೇ ಕಟ್ಟಿಗೆಯ ಒಂದು ತುಂಡನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ದಿನ ಬಿಟ್ಟು ದಿನ ಮತ್ತೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಚೌಕಟ್ಟು ಇನ್ನೂ ನೀರು ಬಿಡುತ್ತಿದೆ ಎಂದರ್ಥ.

ಇನ್ನೊಂದು ರೂಢಿಯಿದೆ. ಗೆದ್ದಲು ಹತ್ತಬಾರದೆಂದು ಗೋಡೆಗೆ ತಾಗುವ ಬದಿಗೆ ಹಳೆಯ ಇಂಜಿನ್ ಆಯಿಲ್ ಬಳಿಯುವುದು. ಆ ಎಣ್ಣೆ ಯಾವ ಕಾಲಕ್ಕೂ ಆರುವಂಥದ್ದಲ್ಲ, ಬಳಿದ ಬದಿಯಲ್ಲೇ ನಿಲ್ಲುವಂಥದ್ದೂ ಅಲ್ಲ. ಕಟ್ಟಿಗೆಯ ನಾರು ಹಿಡಿದು ಮುಂಬದಿಗೆ ಹರಿದು ಬರುತ್ತದೆ. ಹಬ್ಬಕ್ಕೊಮ್ಮೆ ಅಡುಗೆ ಎಣ್ಣೆ ಒರೆಸಿ ಹೊಳಪು ಮಾಡಿದ ಹಳೆಯ ಬಾಗಿಲುಗಳದೂ ಇದೇ ಪಾಡು. ಎಲ್ಲಿ ಅಂಟುತ್ತಿದೆ ಎಂದು ನೋಡಿದರೆ ಕಾರಣ ಬಹುಪಾಲು ತಿಳಿಯುತ್ತದೆ. ಗೋಡೆಯಂಚಿನಲ್ಲಿ ಪಟ್ಟಿಪಟ್ಟಿಯಾಗಿ ಅಂಟಿದರೆ ಎಣ್ಣೆ. ಕೆತ್ತನೆಯ ಸಂದಿಯಲ್ಲಿ, ಕೆಳ ಅಂಚಿನಲ್ಲಿ ಅಂಟಿದರೆ ದಪ್ಪ ಕೂತ ಪ್ರೈಮರ್. ಬಾಗಿಲ ತುಂಬ ಒಂದೇ ಸಮ ಅಂಟಿದರೆ ಬೆರೆಸಿದ ದ್ರವದ ಮೇಲೆ ಅನುಮಾನಪಡಿ.

“ಚಿಮಣಿ ಎಣ್ಣಿ ಹಾಕಿದ್ರೂ ನಡೀತದ”

ನಡೆಯುವುದಿಲ್ಲ. ಟರ್ಪೆಂಟೈನ್ ಸುಮಾರು 200 ಡಿಗ್ರಿಯೊಳಗೆ ಕುದಿದು ಮುಗಿಯುತ್ತದೆ. ಚಿಮಣಿ ಎಣ್ಣೆಯ ಭಾರದ ಭಾಗ ಕುದಿಯಲು 300 ಡಿಗ್ರಿ ಹತ್ತಿರ ಬೇಕು. ಅದು ಪ್ರೈಮರ್ ಒಳಗೇ ಕುಳಿತು ದಿನಗಟ್ಟಲೆ ಮೆತ್ತಗಿಡುತ್ತದೆ. ನಾಲ್ಕು ಕಾಸು ಉಳಿಸಲು ಹೋಗಿ ಎರಡು ದಿನದ ಕೂಲಿ ಕಳೆದುಕೊಳ್ಳುವ ವ್ಯವಹಾರ. ಡ್ರೈಯರ್ ಜಾಸ್ತಿ ಸುರಿಯುವುದೂ ಬೇಡ; ಮೇಲ್ಪದರ ಇನ್ನೂ ಬೇಗ ಕೆನೆಗಟ್ಟಿ, ಒಳಗೆ ಹಸಿ ಉಳಿದು ಸುಕ್ಕು ಬೀಳುತ್ತದೆ.

“ಮ್ಯಾಲ ಇನ್ನೊಂದು ಕೋಟ್ ಹೊಡದಬಿಡ್ರಿ”

ಇದರಷ್ಟು ದುಬಾರಿ ಸಲಹೆ ಮತ್ತೊಂದಿಲ್ಲ. ಆರದ ಪದರದ ಮೇಲೆ ಎನಾಮಲ್ ಹಚ್ಚಿದರೆ ಕೆಳಗೆ ಹೋಗುತ್ತಿದ್ದ ಅಷ್ಟಿಷ್ಟು ಗಾಳಿಯೂ ನಿಂತಿತು. ಮುಂದಿನ ಬೇಸಿಗೆಗೆ ಗುಳ್ಳೆ ಏಳುತ್ತದೆ, ಸಿಪ್ಪೆಯಂತೆ ಕಿತ್ತು ಬರುತ್ತದೆ.

ಬರೀ ಥಂಡಿಯಿಂದ ತಡವಾಗಿದ್ದರೆ ಗಾಳಿ ಬಿಟ್ಟು ಎರಡು-ಮೂರು ದಿನ ಕಾಯಿರಿ. ಅಷ್ಟಾದ ಮೇಲೂ ಉಗುರು ಇಳಿಯುತ್ತಿದ್ದರೆ ಕಾದು ಫಲವಿಲ್ಲ. ಪಟ್ಟಿಯಿಂದ ಕೆರೆದು, ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ 80, ಆಮೇಲೆ 120 ನಂಬರಿನ ಪಾಲಿಶ್ ಕಾಗದ ಉಜ್ಜಿ. ಎಣ್ಣೆ ಕುಡಿದ ಕಟ್ಟಿಗೆಗೂ ಸಾಗವಾನಿಗೂ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಒಂದು ತೆಳು ಕೈ ಹಚ್ಚುವುದು ಒಳ್ಳೆಯದು. ಅರಗು ಆರಲು ಆಮ್ಲಜನಕ ಬೇಕಿಲ್ಲ, ಸ್ಪಿರಿಟ್ ಹಾರಿದರೆ ಮುಗಿಯಿತು. ಕೆಳಗಿನ ಜಿಡ್ಡಿಗೂ ಮೇಲಿನ ಪ್ರೈಮರ್‌ಗೂ ನಡುವೆ ಅದು ಗೋಡೆಯಾಗುತ್ತದೆ. ತೀರಾ ಎಣ್ಣೆ ತುಂಬಿದ ಚೌಕಟ್ಟಿಗೆ ಅದೂ ಪೂರ್ತಿ ಸಾಲದು.

“ಹಳೇ ಪ್ರೈಮರ್ ಛಲೋ ಇತ್ತು, ಸೀಸ ತಗದು ಕೆಡಿಸ್ಯಾರ”

ಸೀಸ ಬಣ್ಣವನ್ನು ಚೆನ್ನಾಗಿ ಆರಿಸುತ್ತಿತ್ತು, ಅದು ನಿಜ. ಮಕ್ಕಳ ಮಿದುಳಿಗೆ ವಿಷ ಎಂಬುದೂ ಅಷ್ಟೇ ನಿಜ. ಕೇಂದ್ರದ 2016ರ ನಿಯಮದಂತೆ, 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಕೋಬಾಲ್ಟ್, ಜಿರ್ಕೋನಿಯಂ, ಕ್ಯಾಲ್ಸಿಯಂನ ಡ್ರೈಯರ್‌ಗಳು ಆ ಕೆಲಸವನ್ನು ಈಗ ಮಾಡುತ್ತವೆ. ಸೀಸವಿಲ್ಲದ್ದಕ್ಕೆ ಪ್ರೈಮರ್ ಆರುತ್ತಿಲ್ಲ ಎಂಬುದು ಸುಳ್ಳು. ಹಳೆಯ ಬಾಗಿಲಿನ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರವಿಡಿ.

ಕೆಲಸ ಮುಗಿದ ಮೇಲೆ ಉಳಿಯುವ ಬಟ್ಟೆಯ ಬಗ್ಗೆಯೂ ಒಂದು ಮಾತು. ಅಗಸೆ ಎಣ್ಣೆ ಅಥವಾ ಎಣ್ಣೆ ಪ್ರೈಮರ್ ಒರೆಸಿದ ಬಟ್ಟೆಗಳು ಆಮ್ಲಜನಕ ಹಿಡಿಯುವಾಗ ಬಿಸಿಯಾಗುತ್ತವೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅವನ್ನು ನೀರಲ್ಲಿ ಅದ್ದಿಡಿ, ಇಲ್ಲವೇ ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಿ ಎಸೆಯಿರಿ.