ಚುಕ್ಕಾಣಿಯ ಮೇಲಣ ದಿಕ್ಸೂಚಿ

ಚೆನ್ನೈಯ ಅಣ್ಣಾ ಸಾಲೆಯಿಂದ ಕವಲೊಡೆಯುವ ಜನರಲ್ ಪ್ಯಾಟರ್ಸ್ ರಸ್ತೆ, ಊರಿನವರ ಬಾಯಲ್ಲಿ ಜಿ.ಪಿ. ರೋಡ್ ಎಂದೇ ಪ್ರಸಿದ್ಧವಾದದ್ದು, ವಾಹನಗಳ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾದ ಬೀದಿ. ಹಿಂದೆ ಕನ್ನಡಿ, ಹಾರನ್ನು, ಸೀಟಿನ ಕವರುಗಳನ್ನು ತೂಗುಹಾಕಿಕೊಂಡಿರುತ್ತಿದ್ದ ಅಲ್ಲಿನ ಅಂಗಡಿಗಳ ಮುಂಭಾಗವನ್ನು ಈಗ ಬೇರೊಂದು ಬಗೆಯ ಸಾಮಗ್ರಿ ಆಕ್ರಮಿಸಿಕೊಂಡಿದೆ: ಫೋನನ್ನು ನಾಲ್ಕು ಮೂಲೆಗಳಲ್ಲಿ ಬಿಗಿದು ಹಿಡಿಯುವ ಹೋಲ್ಡರುಗಳು, ಯು.ಎಸ್.ಬಿ. ಚಾರ್ಜರುಗಳು, ಹೆಲ್ಮೆಟ್ಟಿನೊಳಗೆ ಕೂರುವ ಬ್ಲೂಟೂತ್ ಸಾಧನಗಳು, ಹೆಚ್ಚುವರಿ ದೀಪಗಳು, ಎದುರಿನ ದಾರಿಯನ್ನು ಚಿತ್ರಿಸುತ್ತ ಸಾಗುವ ಪುಟ್ಟ ಕ್ಯಾಮರಾಗಳು. ಇವನ್ನು ಕೊಳ್ಳುವುದಕ್ಕೆ ಹಣವಿದ್ದರೆ ಸಾಕು, ಕೂರಿಸುವುದಕ್ಕೆ ವಿವೇಕ ಬೇಕು. ಆ ವಿವೇಕದ ಮಾತನ್ನು ಅಂಗಡಿಯವನಾಗಲಿ ಗಿರಾಕಿಯಾಗಲಿ ಬೀದಿಯ ಗದ್ದಲದಲ್ಲಿ ಹೆಚ್ಚು ಹೊತ್ತು ಆಡಲಾರರಾದ ಕಾರಣ, ಇಲ್ಲಿ ಕೊಂಚ ಸಾವಧಾನವಾಗಿ ಆಡುವುದು ಉಚಿತವೆಂದು ತೋರುತ್ತದೆ.

ಈ ವಿಚಾರಕ್ಕೆ ಚೆನ್ನೈಗಿಂತ ತಕ್ಕ ನಗರ ಸಿಕ್ಕಲಾರದು. 1955ರಲ್ಲಿ ಮದ್ರಾಸ್ ಮೋಟರ್ಸ್ ಸಂಸ್ಥೆ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡಿನೊಡನೆ ಕೂಡಿ ಎನ್‌ಫೀಲ್ಡ್ ಇಂಡಿಯಾವನ್ನು ಸ್ಥಾಪಿಸಿತು. ತಿರುವೊಟ್ಟಿಯೂರಿನ ಕಾರ್ಖಾನೆಯಿಂದ ಹೊರಬಂದ ಬುಲೆಟ್ಟು ದೇಶದಾದ್ಯಂತ ಸಂಚರಿಸಿತು. ಆ ಬುಲೆಟ್ಟಿನ ಹೆಡ್‌ಲೈಟನ್ನು ಆವರಿಸಿದ ಲೋಹದ ಬುರುಡೆಯ ಮೇಲೆ ಎರಡು ವೃತ್ತಗಳಿರುತ್ತಿದ್ದವು, ದೊಡ್ಡದು ವೇಗಮಾಪಕ, ಚಿಕ್ಕದು ಆಂಪ್‌ಮೀಟರು. ಬ್ಯಾಟರಿಗೆ ವಿದ್ಯುತ್ತು ಸೇರುತ್ತಿದೆಯೋ ಅಥವಾ ಅದರಿಂದ ವ್ಯಯವಾಗುತ್ತಿದೆಯೋ ಎಂಬುದನ್ನು ಆ ಚಿಕ್ಕ ಮುಳ್ಳು ಅತ್ತಿತ್ತ ಓಲಾಡುತ್ತ ತಿಳಿಸುತ್ತಿತ್ತು. ಇದಕ್ಕಿಂತ ಅಧಿಕವಾದ ಸಮಾಚಾರ ಸವಾರನಿಗೆ ಬೇಕಾದೀತೆಂದು ಆಗ ಯಾರೂ ಭಾವಿಸಿರಲಿಲ್ಲ. ಅದೇ ಪರಂಪರೆಯ ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ ಗಾಡಿಯೊಡನೆ ಟ್ರಿಪ್ಪರ್ ಎಂಬ ಪುಟ್ಟ ವೃತ್ತವನ್ನು ಕೊಟ್ಟು, ಮುಂದಿನ ತಿರುವನ್ನು ಬಾಣದ ಗುರುತಿನಿಂದ ತೋರಿಸಿತು. 2023ರ ಹೊಸ ಹಿಮಾಲಯನ್ನಿನ ದುಂಡು ಪರದೆಯಲ್ಲಿ ಇಡೀ ನಕ್ಷೆಯೇ ಮೂಡಿತು. ಮದರಾಸಿನ ಐ.ಐ.ಟಿ.ಯಲ್ಲಿ ಕಲಿತ ಇಬ್ಬರು ತರುಣರು 2013ರಲ್ಲಿ ಆರಂಭಿಸಿದ ಏಥರ್ ಸಂಸ್ಥೆಯೂ ತನ್ನ ವಿದ್ಯುತ್ ಸ್ಕೂಟರಿನ ಎದೆಯಲ್ಲೇ ನಕ್ಷೆಯನ್ನಿರಿಸಿದೆ. ಆದರೆ ರಸ್ತೆಯಲ್ಲಿ ಓಡಾಡುವ ಬಹುಸಂಖ್ಯೆಯ ಗಾಡಿಗಳಿಗೆ ಇಂಥ ಸಹಜಭೂಷಣವಿಲ್ಲ. ಅವುಗಳ ಒಡೆಯರು ಹೊರಗಿನಿಂದ ತಂದು ಬಿಗಿಯಿಸಿಕೊಳ್ಳಬೇಕು.

ಕೂರಿಸುವ ವಸ್ತುವಿನ ಮಹಿಮೆಯನ್ನು ಅರಿತವನು ಅದನ್ನು ಅಸಡ್ಡೆಯಿಂದ ಕೂರಿಸಲಾರ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಜಿ.ಪಿ.ಎಸ್. ಉಪಗ್ರಹಗಳು ಪರಮಾಣು ಗಡಿಯಾರಗಳ ಕಾಲವನ್ನು ಸಾರುತ್ತಿರುತ್ತವೆ. ಕನಿಷ್ಠ ನಾಲ್ಕರ ಸಂಕೇತಗಳು ಬಂದು ತಲುಪಿದ ಕಾಲವನ್ನು ತಾಳೆನೋಡಿ ನಮ್ಮ ಕೈಯಳತೆಯ ಯಂತ್ರ ತನ್ನ ಸ್ಥಾನವನ್ನು ಗಣಿಸುತ್ತದೆ. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತಕ್ಕನುಗುಣವಾಗಿ ಆ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೋಡುತ್ತವೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮೀರಿದ ದೋಷ ಕೂಡಿಕೊಳ್ಳುತ್ತದೆ. ಇಷ್ಟು ಸೂಕ್ಷ್ಮವಾದ ಗಣಿತವೂ ಗಿಂಡಿಯ ಕತ್ತಿಪಾರಾ ಕೂಡುದಾರಿಯಲ್ಲಿ ಒಮ್ಮೊಮ್ಮೆ ತಡವರಿಸುತ್ತದೆ. ಏಕೆಂದರೆ ಅಕ್ಷಾಂಶ ರೇಖಾಂಶಗಳನ್ನು ತಿಳಿಸುವಷ್ಟು ನಿಖರವಾಗಿ ಅದು ಔನ್ನತ್ಯವನ್ನು ತಿಳಿಸಲಾರದು, ಮತ್ತು ಒಂದರ ಮೇಲೊಂದಾಗಿ ಸುತ್ತಿಕೊಂಡ ಆ ಮೇಲ್ಸೇತುವೆಗಳಲ್ಲಿ ನಾವು ಮೇಲಿದ್ದೇವೋ ಕೆಳಗಿದ್ದೇವೋ ಎಂಬುದೇ ಮುಖ್ಯ ಪ್ರಶ್ನೆ.

ಆ ಕತ್ತಿಪಾರಾದಿಂದ ಅನತಿ ದೂರದಲ್ಲಿ ಕಾಣುವ ಪರಂಗಿಮಲೆಯ, ಅಂದರೆ ಸೇಂಟ್ ಥಾಮಸ್ ಮೌಂಟಿನ, ಬುಡದಲ್ಲಿಯೇ ಭೂಮಾಪಕನಾದ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು ತನ್ನ ಸಮೀಕ್ಷೆಯ ಆಧಾರರೇಖೆಯನ್ನು ಅಳೆಯತೊಡಗಿದನೆಂಬುದನ್ನು ಅಲ್ಲಿ ಹಾದುಹೋಗುವ ಎಷ್ಟು ಜನ ಸವಾರರು ಬಲ್ಲರೋ! ನೂರು ಅಡಿಯ ಉಕ್ಕಿನ ಸರಪಣಿಯನ್ನು ಬಿಸಿಲು ತಾಕದಂತೆ ಕಾಪಾಡುತ್ತ, ಉಷ್ಣದಿಂದ ಅದು ಹಿಗ್ಗುವ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿಯುತ್ತ, ಏಳೂವರೆ ಮೈಲಿಯ ಒಂದು ಸರಳರೇಖೆಗೆ ಆ ಮಹಾಶಯ ಮದರಾಸಿನ ಕಡುಬೇಸಗೆಯ ವಾರಗಳನ್ನೇ ವ್ಯಯಿಸಿದನು. ಆ ರೇಖೆಯಿಂದ ಹೊರಟ ತ್ರಿಕೋಣಗಳ ಮಾಲೆ ಬೆಂಗಳೂರನ್ನು ಹಾದು ಮಂಗಳೂರಿನ ಕಡಲತಡಿಯವರೆಗೆ ಬೆಳೆದಾಗ, ಅದುವರೆಗೆ ನಾನೂರು ಮೈಲಿಯೆಂದು ನಕ್ಷೆಗಳು ಸಾರುತ್ತಿದ್ದ ಪರ್ಯಾಯದ್ವೀಪದ ಅಗಲ ಮುನ್ನೂರ ಅರವತ್ತೇ ಎಂದು ಸಿದ್ಧವಾಯಿತು. ನಮ್ಮ ಕನ್ನಡನಾಡಿನ ಗುಡ್ಡಗಳು ಭೂಪಟದಲ್ಲಿ ತಂತಮ್ಮ ನಿಜವಾದ ಸ್ಥಾನವನ್ನು ಪಡೆದುದು ಈ ಸರಪಣಿಯಿಂದ.

ಲ್ಯಾಂಬ್ಟನ್ನನ ಬಳಿ ಕೋನಗಳನ್ನಳೆಯುವ, ಅರ್ಧ ಟನ್ನಿನಷ್ಟು ಭಾರವಾದ ಥಿಯೋಡಲೈಟ್ ಯಂತ್ರವಿದ್ದಿತು. 1808ರಲ್ಲಿ ಅದನ್ನು ತಂಜಾವೂರಿನ ಮಹಾದೇವಾಲಯದ ಮೇಲಕ್ಕೇರಿಸುತ್ತಿರುವಾಗ ಹಗ್ಗ ಕಡಿದು ಯಂತ್ರ ಗೋಡೆಗೆ ಅಪ್ಪಳಿಸಿತು, ಅದರ ವೃತ್ತ ವಿಕೃತವಾಯಿತು. ಆತ ವಾರಗಟ್ಟಲೆ ಏಕಾಂತದಲ್ಲಿ ಕುಳಿತು ಅದನ್ನು ಮತ್ತೆ ದುಂಡಗೆ ತಿದ್ದಿದನು. ಉಪಕರಣ ಎಷ್ಟೇ ಶ್ರೇಷ್ಠವಾದುದಾಗಲಿ, ಅದರ ಯೋಗ್ಯತೆ ಅದನ್ನು ಹಿಡಿದಿರುವ ಹಗ್ಗದ ಯೋಗ್ಯತೆಯನ್ನು ಮೀರಲಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಹ್ಯಾಂಡಲಿನ ಮೇಲಿನ ಫೋನಿಗೆ ಇಂಥ ಒಂದೇ ಪೆಟ್ಟಿನ ಭಯಕ್ಕಿಂತ ಅವಿರತ ಕಂಪನದ ಭಯ ಹೆಚ್ಚು. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಸೆಕೆಂಡಿಗೆ 50 ನಡುಕಗಳು ಹುಟ್ಟುತ್ತವೆ. ಬುಲೆಟ್ಟಿನಂಥ ಒಂಟಿ ಸಿಲಿಂಡರಿನ ಗಾಡಿಯಲ್ಲಿ ಅವು ಅಂಗೈಗೇ ತಿಳಿಯುವಷ್ಟು ಬಲವಾಗಿರುತ್ತವೆ. ಫೋನಿನ ಕ್ಯಾಮರಾದೊಳಗೆ ಮಸೂರವನ್ನು ತೇಲಿಸಿ ಹಿಡಿದಿರುವ ಅತಿಸೂಕ್ಷ್ಮ ವ್ಯವಸ್ಥೆ ಈ ನಡುಕದಿಂದ ಕೆಡಬಹುದೆಂದು ಆಪಲ್ ಸಂಸ್ಥೆಯೇ 2021ರಲ್ಲಿ ತನ್ನ ಗ್ರಾಹಕರನ್ನು ಎಚ್ಚರಿಸಿದೆ. ಆದಕಾರಣ ಹೋಲ್ಡರಿಗೂ ಕ್ಲಾಂಪಿಗೂ ನಡುವೆ ನಡುಕವನ್ನು ಹೀರುವ ರಬ್ಬರಿನ ಡ್ಯಾಂಪರು ಇರುವುದು ಆವಶ್ಯಕ. ಹಳೆಯ ಫೋನೊಂದನ್ನು ದಾರಿ ತೋರಿಸುವುದಕ್ಕೆಂದೇ ಮೀಸಲಿಡುವುದು ಇನ್ನೂ ಉತ್ತಮ.

ಎಲ್ಲಿ ಕೂರಿಸಬೇಕೆಂಬುದು ಇವೆಲ್ಲಕ್ಕಿಂತ ಗಹನವಾದ ಪ್ರಶ್ನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದುವರಿಯುತ್ತದೆ. ಎರಡು ಸೆಕೆಂಡು ಪರದೆಯನ್ನು ನೋಡಿದವನು 33 ಮೀಟರು ದಾರಿಯನ್ನು ಕುರುಡನಾಗಿ ದಾಟಿದನೆಂದೇ ಅರ್ಥ. ಕತ್ತನ್ನು ಬಗ್ಗಿಸದೆ, ಕಣ್ಣೊಂದನ್ನೇ ಕೊಂಚ ಕೆಳಗಿಳಿಸಿದರೆ ಕಾಣುವಂತೆ, ವೇಗಮಾಪಕವನ್ನಾಗಲಿ ಸೂಚಕದೀಪಗಳನ್ನಾಗಲಿ ಮರೆಮಾಡದಂತೆ, ಹ್ಯಾಂಡಲನ್ನು ಪೂರ್ತಿಯಾಗಿ ತಿರುಗಿಸಿದಾಗ ಟ್ಯಾಂಕಿಗೆ ತಾಕದಂತೆ ಅದು ಇರತಕ್ಕದ್ದು. ಇದಕ್ಕಿಂತ ಮೇಲಾದ ಉಪಾಯವೆಂದರೆ ಹೆಲ್ಮೆಟ್ಟಿನೊಳಗಿನ ಧ್ವನಿಯನ್ನು ನಂಬಿ, ಪರದೆಯನ್ನು ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ನೋಡುವುದು. ಕಾನೂನೂ ಇದೇ ಮನೋಧರ್ಮದ್ದು: 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ ಚಾಲನೆಯ ವೇಳೆ ಇಂಥ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ, ಬಳಸಲು ಅನುಮತಿಸುತ್ತದೆ.

ಇನ್ನು ವೈರಿಂಗಿನ ಮಾತು. ಗಾಡಿಯ ಸೊಬಗು ಕಣ್ಣಿಗೆ ಕಂಡರೆ ಅದರ ಆರೋಗ್ಯ ವೈರಿನಲ್ಲಿ ಅಡಗಿರುತ್ತದೆ. ಬೀದಿಬದಿಯ ಅವಸರದಲ್ಲಿ ಹೆಚ್ಚು ಅನ್ಯಾಯಕ್ಕೊಳಗಾಗುವುದೂ ಅದೇ. ಹೆಡ್‌ಲೈಟಿನ ವೈರನ್ನು ಬ್ಲೇಡಿನಿಂದ ಸುಲಿದು, ಚಾರ್ಜರಿನ ವೈರನ್ನು ಸುತ್ತಿ, ಟೇಪು ಹಚ್ಚಿ ಕಳುಹಿಸುವ ಪದ್ಧತಿ ಸರ್ವಥಾ ತ್ಯಾಜ್ಯವಾದುದು. ಏಕೆಂದರೆ ಚೆನ್ನೈಯ ಉಪ್ಪುಗಾಳಿ ಆ ಸುಲಿದ ತಾಮ್ರವನ್ನು ಬಲುಬೇಗ ಹಸುರುಗಟ್ಟಿಸುತ್ತದೆ, ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಬ್ಯಾಟರಿಯಿಂದಲೇ ಪ್ರತ್ಯೇಕವಾದ ವೈರನ್ನು ಎಳೆದು, ಬ್ಯಾಟರಿಯ ಸಮೀಪದಲ್ಲೇ ಫ್ಯೂಸನ್ನಿರಿಸಿ, ಬೀಗದ ಕೈ ತಿರುಗಿಸಿದಾಗ ಮಾತ್ರ ವಿದ್ಯುತ್ತು ಹರಿಯುವಂತೆ ರಿಲೇಯೊಂದನ್ನು ನಡುವೆ ಸೇರಿಸುವುದು ಶಾಸ್ತ್ರೀಯವಾದ ಕ್ರಮ. ಫ್ಯೂಸು ದೂರವಿದ್ದಲ್ಲಿ, ಅದಕ್ಕೂ ಬ್ಯಾಟರಿಗೂ ನಡುವೆ ವೈರು ಉಜ್ಜಿ ಚಾಸಿಗೆ ತಾಗಿದರೆ ಅದನ್ನು ತಡೆಯುವವರಾರೂ ಇಲ್ಲ, ಟ್ಯಾಂಕಿನ ಕೆಳಗೇ ಕಿಡಿ ಹುಟ್ಟುತ್ತದೆ. ಫೋನಿನ ಚಾರ್ಜರಿಗೆ ಬೇಕಾದ ಹತ್ತಿಪ್ಪತ್ತು ವ್ಯಾಟು ಗಾಡಿಗೆ ದೊಡ್ಡ ಹೊರೆಯಲ್ಲ. ಆದರೆ ಅದರೊಡನೆ ಎರಡು ದೊಡ್ಡ ದೀಪಗಳನ್ನೂ ಸೇರಿಸುವವನು ತನ್ನ ಗಾಡಿ ಎಷ್ಟು ವಿದ್ಯುತ್ತನ್ನು ಉತ್ಪಾದಿಸಬಲ್ಲುದೆಂದು ಮೊದಲೇ ಕೂಡಿಕಳೆದು ನೋಡಬೇಕು. ಆಂಪ್‌ಮೀಟರಿನ ಆ ಮುಳ್ಳು ಇಂದಿನ ಗಾಡಿಗಳಲ್ಲಿ ಇಲ್ಲವಾದುದು ನನಗಂತೂ ನಷ್ಟವೆಂದೇ ತೋರುತ್ತದೆ. ಮತ್ತೊಂದು ಸೂಕ್ಷ್ಮವಿದೆ: ಹ್ಯಾಂಡಲು ತಿರುಗುವ ಜಾಗದಲ್ಲಿ ವೈರಿಗೆ ಸಡಿಲವನ್ನು ಕೊಡದೆ ಬಿಗಿದರೆ, ಪ್ರತಿ ತಿರುವಿನಲ್ಲಿಯೂ ಅದು ಜಗ್ಗಿ, ಹೊರಗಿನ ಹೊದಿಕೆ ಸರಿಯಾಗಿದ್ದರೂ ಒಳಗಿನ ಎಳೆಗಳು ಒಂದೊಂದಾಗಿ ಕಡಿಯುತ್ತವೆ.

ಈ ನಗರದ ಋತುಗಳೂ ತಂತಮ್ಮ ಪರೀಕ್ಷೆಯನ್ನೊಡ್ಡುತ್ತವೆ. ಮೇ ತಿಂಗಳ ಅಗ್ನಿನಕ್ಷತ್ರದ ಮಧ್ಯಾಹ್ನ, ಬಿಸಿಲಿಗೆ ಮುಖವೊಡ್ಡಿ ಚಾರ್ಜೂ ಆಗುತ್ತಿರುವ ಫೋನು ತನ್ನ ತಾಪವನ್ನು ತಾನೇ ತಾಳಲಾರದೆ ಆರಿಹೋಗುತ್ತದೆ; ಪ್ಲಾಸ್ಟಿಕ್ಕಿನ ಚೀಲದೊಳಗಿಟ್ಟರಂತೂ ಇನ್ನೂ ಬೇಗ. ಈಶಾನ್ಯ ಮಾರುತದ ಮಳೆಗಾಲದಲ್ಲಾದರೋ ಪರದೆಯ ಮೇಲೆ ಬಿದ್ದ ಹನಿಗಳನ್ನೇ ಬೆರಳೆಂದು ಭ್ರಮಿಸಿ ಅದು ತನ್ನಿಷ್ಟದಂತೆ ದಾರಿಯನ್ನು ಬದಲಿಸುತ್ತದೆ. ಟಿ. ನಗರದ ದೊರೈಸ್ವಾಮಿ ಸಬ್‌ವೇ ಮಳೆಯಲ್ಲಿ ನೀರು ತುಂಬಿಕೊಂಡು ಮುಚ್ಚಿಹೋಗುವುದು ಊರಿಗೆಲ್ಲ ತಿಳಿದ ಸಂಗತಿ. ಆದರೆ ಉಪಗ್ರಹಕ್ಕೆ ಆ ನೀರು ಕಾಣದು. 2015ರ ಮಹಾಪ್ರವಾಹದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಆಧಾರದ ಮೇಲೆ ಸ್ವಯಂಸೇವಕರು ಮುಳುಗಿದ ಬೀದಿಗಳನ್ನು ಒಂದೊಂದಾಗಿ ಗುರುತಿಸಿ ಜನರಿಗೆ ತಿಳಿಸಿದರು. ಯಂತ್ರ ಕಾಣಲಾರದುದನ್ನು ಅಂದು ಮನುಷ್ಯರು ಕಂಡು ಬರೆದರು.

ಇಷ್ಟೆಲ್ಲ ಹೇಳಿದ ಮೇಲೂ, ಈ ವಿಚಾರದಲ್ಲಿ ನನ್ನ ಮನಸ್ಸು ಹೆಚ್ಚಾಗಿ ತಂಗುವುದು ಪೂರ್ವ ಕರಾವಳಿ ರಸ್ತೆಯಲ್ಲಿ ವಿಹಾರಕ್ಕೆ ಹೊರಟ ಸವಾರರಲ್ಲಿ ಅಲ್ಲ. ಊಟದ ಪೊಟ್ಟಣವನ್ನು ಬೆನ್ನಿಗೇರಿಸಿಕೊಂಡು ಮೈಲಾಪುರದಿಂದ ಅಡಯಾರಿಗೂ ಅಲ್ಲಿಂದ ವೇಳಚ್ಚೇರಿಗೂ ಹಗಲಿರುಳು ಓಡುವ ಡೆಲಿವರಿ ತರುಣರಲ್ಲಿ. ಅವರಿಗೆ ನಕ್ಷೆ ವಿನೋದವಲ್ಲ, ಅನ್ನ. ಅಗ್ಗದ ಹೋಲ್ಡರನ್ನು ಸ್ವಂತ ಖರ್ಚಿನಲ್ಲಿ ಕೊಂಡು, ಫೋನು ಬಿದ್ದೀತೆಂದು ಮೇಲೊಂದು ರಬ್ಬರ್‌ಬ್ಯಾಂಡ್ ಬಿಗಿದು, ಓಡುತ್ತಿರುವಾಗಲೇ ಮುಂದಿನ ಕೆಲಸವನ್ನು ಬೆರಳಿನಿಂದ ಒಪ್ಪಿಕೊಳ್ಳಬೇಕಾದ ಇಕ್ಕಟ್ಟಿನಲ್ಲಿ ಅವರಿದ್ದಾರೆ. ಚೆನ್ನೈ ನಗರಪಾಲಿಕೆ 2025ರಲ್ಲಿ ಅಣ್ಣಾನಗರದಲ್ಲಿ ಇಂಥವರಿಗಾಗಿ ಫೋನ್ ಚಾರ್ಜು ಮಾಡಿಕೊಳ್ಳುವ ಸೌಕರ್ಯವಿರುವ ಹವಾನಿಯಂತ್ರಿತ ವಿಶ್ರಾಂತಿ ಕೊಠಡಿಯನ್ನು ತೆರೆದದ್ದು ಶ್ಲಾಘ್ಯ. ಅವರು ಏರುವ 100 ಸಿ.ಸಿ.ಯ ಸಾಧಾರಣ ಗಾಡಿಗೇ ಕಾರ್ಖಾನೆಯಲ್ಲಿಯೇ ಫ್ಯೂಸು ಸಹಿತವಾದ ಚಾರ್ಜರನ್ನೂ ನಡುಕ ತಡೆಯುವ ಹೋಲ್ಡರನ್ನೂ ತಯಾರಕರು ಅಳವಡಿಸಬೇಕು, ಗಾಡಿ ಚಲಿಸುತ್ತಿರುವವರೆಗೆ ಹೊಸ ಕೆಲಸದ ಕರೆ ಪರದೆಗೆ ಬಾರದಂತೆ ಡೆಲಿವರಿ ಕಂಪನಿಗಳು ಏರ್ಪಾಡು ಮಾಡತಕ್ಕದ್ದು; ಗಾಡಿ ಚಲಿಸುತ್ತಿದೆಯೋ ನಿಂತಿದೆಯೋ ಎಂಬುದನ್ನು ಅದೇ ಜಿ.ಪಿ.ಎಸ್. ಪ್ರತಿ ಸೆಕೆಂಡೂ ತಿಳಿಸುತ್ತಿರುವುದರಿಂದ ಇದರಲ್ಲಿ ಅಸಾಧ್ಯವಾದುದು ಏನೂ ಇಲ್ಲ.