ಎರಡಕ್ಷರದ 'ಓಕೆ' ಎಷ್ಟು ಓಕೆ?

ಪುತ್ತೂರಿನ ಒಂದು ಅಡಿಕೆ ಅಂಗಡಿ. ಚಾಲಿಯ ಗೋಣಿಗೆ ಕೈಹಾಕಿ ನಾಲ್ಕು ಅಡಿಕೆ ತುಂಡರಿಸಿ ನೋಡಿದ ವ್ಯಾಪಾರಿ ದರ ಹೇಳಿ, "ಓಕೆಯಾ ಮಾರಾಯ್ರೆ?" ಎನ್ನುತ್ತಾನೆ. ಬೆಳೆಗಾರ ಕ್ಷಣಕಾಲ ಸುಮ್ಮನಿದ್ದು "ಓಕೆ" ಎನ್ನುತ್ತಾನೆ. ವ್ಯಾಪಾರ ಮುಗಿಯಿತು. ಸುಳ್ಯದ ಬಸ್ಸಿನಲ್ಲಾಗಲಿ, ಕಡಬದ ರಬ್ಬರ್ ತೋಟದಲ್ಲಾಗಲಿ ಇದೇ ಮಾತು. ಮನೆಮಾತು ತುಳುವೋ, ಹವ್ಯಕವೋ, ಅರೆಭಾಷೆಯೋ, ಬ್ಯಾರಿಯೋ ಇರಬಹುದು; 'ಓಕೆ' ಮಾತ್ರ ಎಲ್ಲರದು.

ಇಷ್ಟು ಗೌರವ ಪಡೆದ ಈ ಪದ ಹುಟ್ಟಿದ್ದು ಒಂದು ತಮಾಷೆಯಿಂದ! ಅಮೆರಿಕದ ಬೋಸ್ಟನ್ ನಗರದಲ್ಲಿ ಆಗ ಪದಗಳನ್ನು ಬೇಕೆಂದೇ ತಪ್ಪಾಗಿ ಬರೆದು, ಅವುಗಳ ಮೊದಲಕ್ಷರ ಮಾತ್ರ ಬಳಸುವ ಹುಚ್ಚು ಹರಡಿತ್ತು. 'ಎಲ್ಲ ಸರಿ' ಎಂಬರ್ಥದ 'ಆಲ್ ಕರೆಕ್ಟ್' ಹಾಗೆ 'ಓಲ್ ಕೊರೆಕ್ಟ್' ಆಯಿತು. 1839ರ ಮಾರ್ಚ್ 23ರಂದು 'ಬೋಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ 'ಓ.ಕೆ.' ಅಚ್ಚಾಯಿತು. ಮರುವರ್ಷದ ಚುನಾವಣೆಯಲ್ಲಿ ಅಧ್ಯಕ್ಷ ವಾನ್ ಬ್ಯೂರೆನ್ ಬೆಂಬಲಿಗರು ಅವರ ಊರಾದ ಕಿಂಡರ್‌ಹುಕ್ ಹೆಸರಿನಿಂದ 'ಓಲ್ಡ್ ಕಿಂಡರ್‌ಹುಕ್' ಎಂದು ಅದನ್ನೇ ಘೋಷಣೆ ಮಾಡಿಕೊಂಡರು. ಅವರು ಸೋತರು, ಪದ ಗೆದ್ದಿತು. ಈ ಮೂಲವನ್ನು 1960ರ ದಶಕದಲ್ಲಿ ಹುಡುಕಿ ತೆಗೆದವರು ಭಾಷಾತಜ್ಞ ಆ್ಯಲನ್ ವಾಕರ್ ರೀಡ್.

ನಮ್ಮಲ್ಲಿ ಇದರ ಅರ್ಥ ರಾಗದ ಮೇಲೆ ನಿಂತಿದೆ. ಚುಟುಕಾಗಿ ಹೇಳಿದರೆ ಒಪ್ಪಿಗೆ. ಎಳೆದು ಹೇಳಿದರೆ ಅನುಮಾನ. ಎರಡು ಸಲ ಹೇಳಿದರೆ 'ಸಾಕು, ಮಾತು ನಿಲ್ಲಿಸಿ' ಎಂದು. ಊಟ ಹೇಗಿತ್ತೆಂದು ಕೇಳಿದಾಗ 'ಓಕೆ' ಎಂದರೆ ಅಡುಗೆ ಅಷ್ಟಕ್ಕಷ್ಟೇ.

ತೊಂದರೆ ಇರುವುದು ಅರ್ಥವಾಗದಿದ್ದರೂ 'ಓಕೆ' ಎನ್ನುವಲ್ಲಿ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಹೊಸಬನಿಗೆ ವಿವರಿಸಿ "ಓಕೆಯಾ?" ಎಂದರೆ "ಓಕೆ" ಎಂದೇ ಉತ್ತರ ಬರುತ್ತದೆ. ಸುಣ್ಣ ಕಡಿಮೆಯಾಗಿ ಎಳೆಯ ಸಿಂಗಾರ ಸುಟ್ಟ ಮೇಲೆ ಆ 'ಓಕೆ'ಯ ಬೆಲೆ ತಿಳಿಯುತ್ತದೆ. ಮಾತ್ರೆ ಚೀಟಿ ಹಿಡಿದ ಅಜ್ಜಿಯದೂ, ತರಗತಿಯ ಹಿಂದಿನ ಬೆಂಚಿನ ಹುಡುಗನದೂ ಇದೇ ಕಥೆ. ಗೊತ್ತಾಗಲಿಲ್ಲ ಎನ್ನಲು ಸಂಕೋಚ.

ತುಳುವಿನ 'ಆವು', ಹವ್ಯಕರ 'ಅಕ್ಕು', ನಮ್ಮ 'ಆಯ್ತು' ಕೂಡ ಈ ದೋಷದಿಂದ ಮುಕ್ತವಲ್ಲ. ಉಪಾಯ ಸುಲಭ: "ಓಕೆಯಾ?" ಎಂದು ಕೇಳುವ ಬದಲು "ಈಗ ನೀವೊಮ್ಮೆ ಹೇಳಿ ನೋಡುವ" ಎನ್ನಬೇಕು. ಅವರ ಬಾಯಿಂದ ಲೆಕ್ಕ ಸರಿಯಾಗಿ ಬಂದರೆ ಮಾತ್ರ ಎಲ್ಲವೂ ಓಕೆ.