ಕಿಡಿ ಹಾರುವ ವೇಳೆ

ಪೆಟ್ರೋಲು ಎಂಜಿನಿನ ಸಿಲಿಂಡರಿನಲ್ಲಿ ಕಿಡಿ ಹಾರಿದೊಡನೆ ಅಲ್ಲಿರುವ ಅನಿಲವೆಲ್ಲವೂ ಒಮ್ಮೆಲೇ ಸಿಡಿದು ಪಿಸ್ಟನ್ನನ್ನು ಕೆಳಕ್ಕೆ ನೂಕುವುದೆಂದು ಅನೇಕರು ತಿಳಿದಿರುತ್ತಾರೆ. ಪಾಠಪುಸ್ತಕಗಳ ಚಿತ್ರವೂ ಈ ಭಾವನೆಗೆ ಒತ್ತಾಸೆಯಾಗಿರುತ್ತದೆ: ಪಿಸ್ಟನ್ನು ಮೇಲ್ತುದಿಯಲ್ಲಿ ನಿಂತಿದೆ, ಅದರ ನೆತ್ತಿಯ ಮೇಲೆ ಕಿಡಿ ಹೊಳೆಯುತ್ತಿದೆ. ನಿಜಸ್ಥಿತಿ ಹೀಗಲ್ಲ. ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಮೊದಲೇ, ಅದು ಇನ್ನೂ ಮೇಲೇರುತ್ತಿರುವಾಗಲೇ, ಕಿಡಿ ಹಾರಬೇಕಾಗುತ್ತದೆ. ಎಷ್ಟು ಮೊದಲು ಎಂಬುದನ್ನು ನಿಷ್ಕರ್ಷಿಸುವ ಕೆಲಸಕ್ಕೇ ಮೋಟಾರು ಮಿಸ್ತ್ರಿಗಳು ‘ಟೈಮಿಂಗ್ ಕಟ್ಟುವುದು’ ಎನ್ನುತ್ತಾರೆ. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ನಮ್ಮ ದೇಶದಲ್ಲಿ ತಯಾರಾದ ಅಂಬಾಸಿಡರ್ ಕಾರನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ. ೧೪೮೯ ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರುಗಳ ಅದರ ಹಳೆಯ ಪೆಟ್ರೋಲು ಎಂಜಿನಿನಲ್ಲಿ ಎಲ್ಲ ಭಾಗಗಳೂ ಕಣ್ಣಿಗೆ ಕಾಣುವಂತಿವೆ, ಕೈಗೆ ಎಟಕುವಂತಿವೆ.

ಬೆಂಕಿಯ ನಡಿಗೆ

ಹಿಪ್ಪರಗಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ಬ್ಯಾರೇಜು ಇದೆ. ಅದರ ಆಸುಪಾಸಿನ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳು ಕಬ್ಬಿನ ಸೀಮೆಗಳು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗಳಿಗೆ ಅಲ್ಲಿನವರು ರವದಿ ಎನ್ನುವರು. ಇದನ್ನು ಸುಡುವುದು ನೆಲದ ಸತ್ತ್ವಕ್ಕೆ ಹಾನಿಕರವೆಂದು ಕೃಷಿತಜ್ಞರು ಹೇಳುತ್ತಾರೆ. ನಮಗೆ ಇಲ್ಲಿ ಬೇಕಾದುದು ಬೆಂಕಿಯ ನಡಿಗೆ ಮಾತ್ರ. ಒಂದು ಬದುವಿನಲ್ಲಿ ಕಡ್ಡಿ ಗೀರಿದರೆ ಹೊಲವೆಲ್ಲ ಆ ಕ್ಷಣದಲ್ಲಿ ಹೊತ್ತಿಕೊಳ್ಳುವುದಿಲ್ಲ. ಬೆಂಕಿ ಸಾಲುಗಟ್ಟಿ ಮುಂದುವರಿಯುತ್ತ ಆಚೆಯ ಬದುವನ್ನು ಸೇರಬೇಕು. ಗಾಳಿ ಬೀಸಿದರೆ ಬೇಗ ಸೇರುತ್ತದೆ, ರವದಿ ತೆಳ್ಳಗೆ ಹರಡಿದ್ದರೆ ತಡವಾಗಿ ಸೇರುತ್ತದೆ.

ಸಿಲಿಂಡರಿನಲ್ಲಿ ಆಗುವುದೂ ಇದೇ. ಪ್ಲಗ್ಗಿನ ತುದಿಯಲ್ಲಿ ಹುಟ್ಟಿದ ಜ್ವಾಲೆ ಪೆಟ್ರೋಲು ಆವಿ ಮತ್ತು ಗಾಳಿಯ ಮಿಶ್ರಣದ ಮೂಲಕ ನಡೆದು ಎದುರಿನ ಗೋಡೆಯನ್ನು ಮುಟ್ಟಬೇಕು. ಆ ಮಿಶ್ರಣ ಎಷ್ಟು ಸಾಂದ್ರವಾಗಿದೆ, ಎಷ್ಟು ಕಲಕಿಹೋಗಿದೆ, ಅದರಲ್ಲಿ ಪೆಟ್ರೋಲಿನ ಪಾಲು ಎಷ್ಟು ಎಂಬುದನ್ನು ಅನುಸರಿಸಿ ಜ್ವಾಲೆಯ ವೇಗ ಹೆಚ್ಚು ಕಡಮೆಯಾಗುತ್ತದೆ. ಒಳಗಿನ ಒತ್ತಡವು ಅತ್ಯಧಿಕವಾಗುವುದು ದಹನವು ಬಹುಮಟ್ಟಿಗೆ ಮುಗಿದ ಮೇಲೆ.

ಈ ಅತ್ಯಧಿಕ ಒತ್ತಡ ಯಾವಾಗ ಬರಬೇಕು? ನಾಗರಪಂಚಮಿಯ ಜೋಕಾಲಿಯನ್ನು ತೂಗಿದವರಿಗೆ ಉತ್ತರ ತಿಳಿದೇ ಇದೆ. ಜೋಕಾಲಿ ನಮ್ಮ ಕಡೆಗೆ ಬರುತ್ತಿರುವಾಗಲೇ ನೂಕಿದರೆ ಅದರ ವೇಗ ಮುರಿಯುತ್ತದೆ, ನಮ್ಮ ತೋಳಿಗೂ ನೋವಾಗುತ್ತದೆ. ಅದು ಬಹಳ ದೂರ ಹೋದ ಮೇಲೆ ನೂಕಿದರೆ ಕೈಗೆ ಸಿಕ್ಕುವುದೇ ಇಲ್ಲ. ತಿರುಗಿ ಹೊರಟ ಮರುಕ್ಷಣದಲ್ಲಿ ಕೊಟ್ಟ ನೂಕೇ ಸಾರ್ಥಕವಾದುದು. ಹಾಗೆಯೇ ಎಂಜಿನಿನ ಅಚ್ಚು ಮೇಲ್ತುದಿಯನ್ನು ದಾಟಿ ಸುಮಾರು ೧೫ ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡವು ಶಿಖರವನ್ನು ಮುಟ್ಟಿದರೆ ಹೆಚ್ಚಿನ ಕೆಲಸ ದೊರೆಯುತ್ತದೆ.

ಒಂದು ಸಣ್ಣ ಲೆಕ್ಕ

ಎಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುತ್ತಿರಲಿ. ಆಗ ಸೆಕೆಂಡಿಗೆ ೫೦ ಸುತ್ತು, ಅಂದರೆ ೧೮,೦೦೦ ಡಿಗ್ರಿ ಆಯಿತು. ಕಿಡಿ ಹಾರಿದಂದಿನಿಂದ ಒತ್ತಡ ಶಿಖರಕ್ಕೇರುವವರೆಗೆ ಸೆಕೆಂಡಿನ ೪೦೦ನೆಯ ಒಂದು ಪಾಲು ಬೇಕೆಂದು ಉದಾಹರಣೆಗಾಗಿ ಹಿಡಿಯೋಣ. ಅಷ್ಟರಲ್ಲಿ ಅಚ್ಚು ೪೫ ಡಿಗ್ರಿ ತಿರುಗಿರುತ್ತದೆ. ಇದರಲ್ಲಿ ೧೫ ಡಿಗ್ರಿ ಮೇಲ್ತುದಿಯ ಆಚೆಗೆ ಸಲ್ಲಬೇಕಾದುದರಿಂದ, ಮೇಲ್ತುದಿಗೆ ೩೦ ಡಿಗ್ರಿ ಮೊದಲೇ ಕಿಡಿ ಹಾರಬೇಕೆಂದಾಯಿತು.

ಇನ್ನು ಕಾರು ನಿಂತಿದ್ದು ಎಂಜಿನು ೭೫೦ ಸುತ್ತಿನಲ್ಲಿ ಮೆಲ್ಲನೆ ತಿರುಗುತ್ತಿರುವಾಗ ಏನಾಗುವುದು? ಸೆಕೆಂಡಿಗೆ ೪೫೦೦ ಡಿಗ್ರಿ. ಆದರೆ ಈಗ ಸಿಲಿಂಡರಿಗೆ ಬರುವ ಮಿಶ್ರಣ ಸ್ವಲ್ಪ, ಸುಟ್ಟು ಉಳಿದ ಹೊಗೆಯೂ ಅದರಲ್ಲಿ ಬೆರೆತಿದೆ, ಕಲಕಾಟವೂ ಕಡಮೆ. ದಹನಕ್ಕೆ ಇಮ್ಮಡಿ ಹೊತ್ತು, ಎಂದರೆ ೨೦೦ನೆಯ ಒಂದು ಪಾಲು ಸೆಕೆಂಡು ಬೇಕೆನ್ನೋಣ. ಆ ಹೊತ್ತಿಗೆ ಇಪ್ಪತ್ತೆರಡೂವರೆ ಡಿಗ್ರಿ ಆಗುತ್ತದೆ. ೧೫ನ್ನು ಕಳೆದರೆ ಉಳಿಯುವುದು ಏಳೂವರೆ. ಒಂದೇ ಎಂಜಿನಿಗೆ ಒಂದು ವೇಗದಲ್ಲಿ ೩೦, ಇನ್ನೊಂದು ವೇಗದಲ್ಲಿ ಏಳೂವರೆ! ಹೀಗಿರುವಾಗ ಒಂದೇ ಬಿಗಿದ ವೇಳೆಯಿಂದ ಕೆಲಸ ನಡೆಯದೆಂಬುದು ಸ್ಪಷ್ಟ.

ಮೊದಲ ಕಾಲದ ಮೋಟಾರುಗಳಲ್ಲಿ ಈ ಹೊಂದಾಣಿಕೆಯ ಭಾರ ಚಾಲಕನದೇ ಆಗಿತ್ತು. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರಿನಲ್ಲಿ ಸ್ಟಿಯರಿಂಗ್ ಚಕ್ರದ ಕೆಳಗೆ ಒಂದು ಸಣ್ಣ ಹಿಡಿ ಇರುತ್ತಿತ್ತು. ವೇಗ ಹೆಚ್ಚಿದಂತೆ ಅದನ್ನು ಸರಿಸಿ ಕಿಡಿಯನ್ನು ಮುಂಚಿತಗೊಳಿಸಬೇಕಾಗಿತ್ತು. ಎಂಜಿನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವಾಗ ಆ ಹಿಡಿಯನ್ನು ಹಿಂದಕ್ಕೆ ಸರಿಸಲು ಮರೆತರೆ ಎಂಜಿನು ಹಿಮ್ಮುಖವಾಗಿ ಒದ್ದು, ಹ್ಯಾಂಡಲು ಹಿಡಿದವನ ಮಣಿಕಟ್ಟು ಮುರಿಯುವ ಸಂಭವವಿತ್ತು.

ಅಂಬಾಸಿಡರಿನಂತಹ ಕಾರುಗಳಲ್ಲಿ ಈ ಕೆಲಸವನ್ನು ಡಿಸ್ಟ್ರಿಬ್ಯೂಟರ್ ಎಂಬ ಭಾಗವು ತಾನಾಗಿಯೇ ಮಾಡುತ್ತದೆ. ಅದರೊಳಗೆ ಸ್ಪ್ರಿಂಗಿಗೆ ಕಟ್ಟಿದ ಎರಡು ಸಣ್ಣ ತೂಕಗಳಿವೆ. ವೇಗ ಹೆಚ್ಚಿದಾಗ ಅವು ಕವಣೆಯ ಕಲ್ಲಿನಂತೆ ಹೊರಕ್ಕೆ ಸರಿದು ಕಿಡಿಯನ್ನು ಮುಂಚಿತಗೊಳಿಸುತ್ತವೆ. ಇದಲ್ಲದೆ ಕಾರ್ಬ್ಯುರೇಟರಿನಿಂದ ಬಂದ ಸಣ್ಣ ಕೊಳವೆಯೊಂದು ನಿರ್ವಾತದ ಬಲದಿಂದ ಒಂದು ಪೊರೆಯನ್ನು ಎಳೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಸಾಗುವಾಗ ಸಿಲಿಂಡರಿನ ಮಿಶ್ರಣ ತೆಳ್ಳಗಾಗಿ ನಿಧಾನವಾಗಿ ಉರಿಯುವುದರಿಂದ, ಆಗ ಇನ್ನಷ್ಟು ಮುಂಚಿತವಾದ ಕಿಡಿಯನ್ನು ಈ ಪೊರೆ ಒದಗಿಸುತ್ತದೆ. ನಾವು ಕೈಯಿಂದ ಕಟ್ಟುವ ಟೈಮಿಂಗು ಇವೆರಡಕ್ಕೂ ಆಧಾರವಾದ ಮೊದಲ ಮೆಟ್ಟಿಲು. ಅದು ತಪ್ಪಿದರೆ ಮೇಲಿನ ಮೆಟ್ಟಿಲುಗಳೆಲ್ಲವೂ ತಪ್ಪುತ್ತವೆ.

ಕಿಡಿ ಹುಟ್ಟುವ ಬಗೆ

ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಗಾಳಿಯನ್ನು ಸೀಳುವ ಕಿಡಿ ಹುಟ್ಟುವುದು ಹೇಗೆ? ೧೯೧೦ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಏರ್ಪಾಡೇ ಇಲ್ಲಿಯೂ ಇದೆ. ಕಾಯಿಲಿನಲ್ಲಿ ಕೆಲವೇ ನೂರು ಸುತ್ತುಗಳ ದಪ್ಪ ತಂತಿಯೂ ಸಾವಿರಾರು ಸುತ್ತುಗಳ ತೆಳು ತಂತಿಯೂ ಒಂದೇ ಕಬ್ಬಿಣದ ತಿರುಳಿನ ಮೇಲೆ ಸುತ್ತಲ್ಪಟ್ಟಿವೆ. ‘ಪಾಯಿಂಟ್’ ಎಂಬ ಲೋಹದ ತುಟಿಗಳೆರಡು ಕೂಡಿರುವಾಗ ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ತುಟಿಗಳು ಬೇರ್ಪಟ್ಟೊಡನೆ ಪ್ರವಾಹ ಕಡಿದು, ಕಾಂತಕ್ಷೇತ್ರ ಕುಸಿದು, ತೆಳು ತಂತಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟುತ್ತವೆ. ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ವಿದ್ಯುತ್ ಪ್ರೇರಣೆಯ ನಿಯಮವೇ ಇದು. ಆದುದರಿಂದ ಕಿಡಿ ಹಾರುವುದು ಪಾಯಿಂಟುಗಳು ಕೂಡಿದಾಗ ಅಲ್ಲ, ಅಗಲಿದಾಗ. ಈ ಮಾತನ್ನು ನೆನಪಿನಲ್ಲಿಟ್ಟರೆ ಟೈಮಿಂಗಿನ ಕೆಲಸವೆಲ್ಲ ಅರ್ಥವಾಗುತ್ತದೆ.

ಪಾಯಿಂಟುಗಳ ನಡುವಿನ ಅಂತರವನ್ನು ಮೊದಲು ಸರಿಪಡಿಸಬೇಕು. ಲ್ಯೂಕಸ್ ಮಾದರಿಯ ಡಿಸ್ಟ್ರಿಬ್ಯೂಟರುಗಳಿಗೆ ಅದು ಸಾಮಾನ್ಯವಾಗಿ ೦.೦೧೪ರಿಂದ ೦.೦೧೬ ಅಂಗುಲ, ಅಂದರೆ ೦.೩೫ರಿಂದ ೦.೪೦ ಮಿಲಿಮೀಟರು. ಅಂತರ ಹೆಚ್ಚಾದರೆ ಪಾಯಿಂಟುಗಳು ಬೇಗ ತೆರೆಯುತ್ತವೆ, ಕಡಮೆಯಾದರೆ ತಡವಾಗಿ ತೆರೆಯುತ್ತವೆ. ಪಾಯಿಂಟಿನ ಹಿಮ್ಮಡಿ ಸವೆದಂತೆಲ್ಲ ಅಂತರ ಕುಗ್ಗಿ ಕಿಡಿ ತಡವಾಗುತ್ತ ಹೋಗುತ್ತದೆ. ಯಾರೂ ಮುಟ್ಟದಿದ್ದರೂ ಹಳೆಯ ಕಾರಿನ ಟೈಮಿಂಗು ಜಾರುವುದಕ್ಕೆ ಇದೇ ಕಾರಣ. ಟೈಮಿಂಗನ್ನು ಮೊದಲು ಕಟ್ಟಿ ಅನಂತರ ಅಂತರವನ್ನು ತಿದ್ದಿದರೆ ಮಾಡಿದ ಕೆಲಸ ಕೆಟ್ಟಿತೆಂದೇ ತಿಳಿಯಬೇಕು.

ಒಂದು ಬಲ್ಬಿನ ನೆರವು

ಎಂಜಿನು ನಿಂತಿರುವಾಗಲೇ ಹನ್ನೆರಡು ವೋಲ್ಟಿನ ಒಂದು ಸಣ್ಣ ಬಲ್ಬಿನಿಂದ ಟೈಮಿಂಗು ಕಟ್ಟಬಹುದು. ಗೇರನ್ನು ತಪ್ಪಿಸಿ, ಕೈಬ್ರೇಕು ಹಾಕಿ, ಪ್ಲಗ್ಗುಗಳನ್ನು ಬಿಚ್ಚಬೇಕು. ಮೊದಲನೆಯ ಸಿಲಿಂಡರಿನ ರಂಧ್ರಕ್ಕೆ ಹೆಬ್ಬೆರಳನ್ನಿಟ್ಟು ಎಂಜಿನನ್ನು ಅದು ಓಡುವ ದಿಕ್ಕಿನಲ್ಲಿಯೇ ಕೈಯಿಂದ ತಿರುಗಿಸಿದರೆ, ಗಾಳಿ ಬೆರಳನ್ನು ಹೊರಕ್ಕೆ ನೂಕುವ ಗಳಿಗೆ ಬರುತ್ತದೆ. ಅದೇ ಒತ್ತುವ ಹಂತ. ಹಾಗೆಯೇ ಮುಂದುವರಿದು, ಅಚ್ಚಿನ ರಾಟೆಯ ಮೇಲಿರುವ ಕಚ್ಚನ್ನು ಎಂಜಿನಿನ ಮುಂಬದಿಯ ಮುಚ್ಚಳದ ಮೇಲಿನ ಗುರುತಿಗೆ, ಕೈಪಿಡಿಯಲ್ಲಿ ಹೇಳಿದ ಡಿಗ್ರಿಗೆ, ತಂದು ನಿಲ್ಲಿಸಬೇಕು. ಗುರುತನ್ನು ದಾಟಿದರೆ ಹಿಂದಕ್ಕೆ ತಿರುಗಿಸಿ ಅಲ್ಲಿಯೇ ನಿಲ್ಲಿಸಬಾರದು. ಸಾಕಷ್ಟು ಹಿಂದೆ ಹೋಗಿ ಪುನಃ ಮುಂದಕ್ಕೆ ತರಬೇಕು. ಇಲ್ಲವಾದರೆ ಸರಪಳಿ ಮತ್ತು ಹಲ್ಲುಗಳ ಸಡಿಲಿಕೆ ಲೆಕ್ಕವನ್ನು ಕೆಡಿಸುತ್ತದೆ.

ಅನಂತರ ಬಲ್ಬಿನ ಒಂದು ತಂತಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ತೆಳು ತಂತಿಯ ತುದಿಗೂ ಇನ್ನೊಂದನ್ನು ಎಂಜಿನಿನ ಲೋಹಕ್ಕೂ ತಗುಲಿಸಿ, ಕಾರಿನ ಚಾವಿಯನ್ನು ತಿರುಗಿಸಬೇಕು. ಪಾಯಿಂಟುಗಳು ಕೂಡಿರುವಾಗ ವಿದ್ಯುತ್ತು ಅವುಗಳ ಮೂಲಕವೇ ಹರಿದುಹೋಗುವುದರಿಂದ ಬಲ್ಬು ಉರಿಯದು. ಅಗಲಿದೊಡನೆ ಉರಿಯುವುದು. ಡಿಸ್ಟ್ರಿಬ್ಯೂಟರಿನ ಬಿಗಿಬೋಲ್ಟನ್ನು ಸಡಿಲಿಸಿ, ಅದರ ಒಡಲನ್ನು ಒಳಗಿನ ರೋಟರು ತಿರುಗುವ ದಿಕ್ಕಿಗೆ ಬಲ್ಬು ಆರುವವರೆಗೆ ತಿರುಗಿಸಬೇಕು. ಬಳಿಕ ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ಸರಿಸುತ್ತ ಬಂದು, ಬಲ್ಬು ಹೊತ್ತಿದ ಸ್ಥಳದಲ್ಲಿಯೇ ಬಿಗಿಯಬೇಕು. ಡಿಸ್ಟ್ರಿಬ್ಯೂಟರು ಎಂಜಿನಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ ಎರಡು ಡಿಗ್ರಿ ತಪ್ಪುತ್ತದೆಂಬುದನ್ನು ಮರೆಯಬಾರದು.

ಎಂಜಿನು ಓಡುತ್ತಿರುವಾಗ ಪರೀಕ್ಷಿಸಲು ಮಿಂಚುದೀಪವಿದೆ. ಮೊದಲನೆಯ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ಆ ದೀಪ ಮಿನುಗುತ್ತದೆ. ರಾಟೆ ವೇಗವಾಗಿ ತಿರುಗುತ್ತಿದ್ದರೂ ಕಚ್ಚು ನಿಂತಂತೆ ಕಾಣುತ್ತದೆ. ವೇಗ ಹೆಚ್ಚಿಸಿದಾಗ ಕಚ್ಚು ಮೆಲ್ಲನೆ ಸರಿದರೆ ಒಳಗಿನ ತೂಕಗಳು ಕೆಲಸಮಾಡುತ್ತಿವೆಯೆಂದು ಅರ್ಥ. ಆದರೆ ಈ ಬೆಳಕಿನಲ್ಲಿ ಫ್ಯಾನಿನ ಅಲಗುಗಳೂ ನಿಂತಂತೆ ಕಾಣಬಹುದು. ಅವು ನಿಂತಿಲ್ಲವೆಂಬ ಎಚ್ಚರ ಸದಾ ಇರಬೇಕು.

ತಡವಾದರೆ, ಮುಂಚಿತವಾದರೆ

ಕಿಡಿ ತಡವಾದರೆ ಪಿಸ್ಟನ್ನು ಕೆಳಗಿಳಿಯುತ್ತಿರುವಾಗ ಬೆಂಕಿ ಅದರ ಬೆನ್ನುಹತ್ತುತ್ತದೆ. ಕೆಲಸವಾಗಬೇಕಾದ ಶಾಖ ಹೊಗೆಕೊಳವೆಯ ಪಾಲಾಗುತ್ತದೆ. ಕಾರು ಜಡವಾಗಿ, ಎಂಜಿನು ಕಾದು, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ.

ಕಿಡಿ ಅತಿಯಾಗಿ ಮುಂಚಿತವಾದರೆ ಆಗುವ ಹಾನಿ ಇನ್ನೂ ದೊಡ್ಡದು. ಮೇಲೇರುವ ಪಿಸ್ಟನ್ನು ಮತ್ತು ಹರಡುವ ಬೆಂಕಿ ಇವೆರಡೂ ಸೇರಿ ಇನ್ನೂ ಉರಿಯದ ಅನಿಲವನ್ನು ಒತ್ತಿ ಕಾಯಿಸುತ್ತವೆ. ಈಚೆಯ ಬದುವಿನ ಬೆಂಕಿ ನಡುಹೊಲದಲ್ಲಿರುವಾಗಲೇ ಆಚೆಯ ಮೂಲೆಯ ರವದಿಯೆಲ್ಲ ತಾನಾಗಿಯೇ ಒಮ್ಮೆಗೆ ಭುಗಿಲೆದ್ದಂತೆ, ಆ ಅನಿಲ ಜ್ವಾಲೆ ತಲಪುವ ಮುನ್ನವೇ ಸಿಡಿಯುತ್ತದೆ. ಸುತ್ತಿಗೆಯಿಂದ ಲೋಹವನ್ನು ಬಡಿದಂತಹ ‘ಟಕ ಟಕ’ ಸದ್ದು ಅದರ ಗುರುತು. ಇದಕ್ಕೆ ನಾಕಿಂಗ್ ಎನ್ನುವರು. ಇದು ಮುಂದುವರಿದರೆ ಪಿಸ್ಟನ್ನಿನ ನೆತ್ತಿ ಕರಗಿ ತೂತು ಬೀಳಬಹುದು.

ಈ ಸಿಡಿತವನ್ನು ತಡೆಯುವ ಶಕ್ತಿಯನ್ನು ಆಕ್ಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ೧೯೨೧ರಲ್ಲಿ ಕೆಟರಿಂಗನ ಪ್ರಯೋಗಾಲಯದಲ್ಲಿಯೇ ಥಾಮಸ್ ಮಿಜ್ಲಿ ಎಂಬಾತನು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿ ನಾಕಿಂಗನ್ನು ಅಡಗಿಸಿದನು. ಆದರೆ ಸೀಸ ವಿಷ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ೨೦೦೦ದಲ್ಲಿ ನಿಂತಿತು.

ಕಬ್ಬಿನಿಂದ ಬಂದ ಪೆಟ್ರೋಲು

ಈಗ ಪೆಟ್ರೋಲು ಇನ್ನೊಮ್ಮೆ ಬದಲಾಗಿದೆ. ಶೇಕಡ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ೨೦೨೫ರ ಹೊತ್ತಿಗೆ ಅದು ದೇಶದಲ್ಲೆಲ್ಲ ವ್ಯಾಪಿಸಿತು. ಎಥನಾಲಿನ ಒಂದು ಮುಖ್ಯ ಮೂಲ ಕಬ್ಬು. ಹಿಪ್ಪರಗಿಗೆ ದೂರವಲ್ಲದ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿಯೂ ಎಥನಾಲ್ ತಯಾರಾಗುತ್ತದೆ. ಹೀಗೆ ಆ ಸೀಮೆಯ ಬೆಳೆಯ ಒಂದಂಶ ಹಳೆಯ ಅಂಬಾಸಿಡರಿನ ಸಿಲಿಂಡರನ್ನೂ ಸೇರುತ್ತಿದೆ.

ಇದರಿಂದ ಟೈಮಿಂಗಿಗೆ ಏನಾಗುವುದು? ಎಥನಾಲಿನ ಆಕ್ಟೇನ್ ಸಂಖ್ಯೆ ಪೆಟ್ರೋಲಿನದಕ್ಕಿಂತ ಹೆಚ್ಚು. ಆದುದರಿಂದ ನಾಕಿಂಗಿನ ಭಯ ಕಡಮೆ. ಇನ್ನೊಂದೆಡೆ, ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಹದಿನಾಲ್ಕೂವರೆ ಕಿಲೋಗ್ರಾಮಿಗೂ ಮಿಗಿಲಾದ ಗಾಳಿ ಬೇಕಾದರೆ, ಎಥನಾಲಿಗೆ ಒಂಬತ್ತು ಸಾಕು. ಹಳೆಯ ಕಾರ್ಬ್ಯುರೇಟರು ಈ ವ್ಯತ್ಯಾಸವನ್ನು ಅರಿಯದು. ಅದು ಮೊದಲಿನಷ್ಟೇ ಇಂಧನವನ್ನು ಕೊಡುವುದರಿಂದ ಮಿಶ್ರಣ ತೆಳ್ಳಗಾಗುತ್ತದೆ. ತೆಳ್ಳಗಿನ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಕೈಪಿಡಿಯ ಡಿಗ್ರಿಯಲ್ಲಿಯೇ ಕಿಡಿ ಹಾರಿದರೂ ಒತ್ತಡದ ಶಿಖರ ತಡವಾಗಿ ಬರಬಹುದು. ಆದುದರಿಂದ ಮೊದಲು ಕಾರ್ಬ್ಯುರೇಟರಿನ ಮಿಶ್ರಣವನ್ನು ಸರಿಪಡಿಸಿ, ಆ ಬಳಿಕ ಟೈಮಿಂಗನ್ನು ನೋಡುವುದು ಯುಕ್ತ.

ಇಂಧನದ ಗುಣ ಬದಲಾಗುವುದನ್ನು ಹಿಂದಿನ ಎಂಜಿನಿಯರುಗಳೂ ಅರಿತಿದ್ದರು. ಲ್ಯೂಕಸ್ ಮಾದರಿಯ ಕೆಲವು ಡಿಸ್ಟ್ರಿಬ್ಯೂಟರುಗಳ ಪಕ್ಕದಲ್ಲಿ ಬೆರಳಿನಿಂದ ತಿರುಗಿಸುವ ಒಂದು ಗೀರುನಟ್ಟು ಇದೆ. ಪೆಟ್ರೋಲಿಗೆ ತಕ್ಕಂತೆ ಡಿಗ್ರಿಯ ಸಣ್ಣ ಅಂಶಗಳಷ್ಟು ಹೆಚ್ಚು ಕಡಮೆ ಮಾಡುವುದಕ್ಕೆಂದೇ ಅದನ್ನು ಇರಿಸಿದ್ದಾರೆ. ಬಲ್ಬಿನಿಂದ ಕಟ್ಟಿದ ಮೇಲೆ ಕಾರನ್ನು ಒಂದು ಏರುರಸ್ತೆಗೆ ಒಯ್ದು, ಮೇಲಿನ ಗೇರಿನಲ್ಲಿ ಸಾಧಾರಣ ವೇಗದಲ್ಲಿರುವಾಗ ಆಕ್ಸಿಲರೇಟರನ್ನು ಒತ್ತಿ ಕಿವಿಗೊಡಬೇಕು. ಬಡಿತ ಕೇಳಿಸಿದರೆ ಕಿಡಿಯನ್ನು ಒಂದೆರಡು ಡಿಗ್ರಿ ತಡಮಾಡಬೇಕು. ಬಡಿತವಿಲ್ಲದೆ ಕಾರು ಜಡವಾಗಿದ್ದರೆ ತುಸು ಮುಂಚಿತಗೊಳಿಸಿ ಪುನಃ ಪರೀಕ್ಷಿಸಬೇಕು. ಅತಿವೇಗದಲ್ಲಿ ಗಾಳಿಯ ಸದ್ದು ಬಡಿತವನ್ನು ಮುಚ್ಚಿಬಿಡುವುದರಿಂದ ಸಂಶಯವಿದ್ದಲ್ಲಿ ತಡದ ಕಡೆಗೇ ವಾಲುವುದು ಕ್ಷೇಮ.

ಇಂದಿನ ಕಾರುಗಳಲ್ಲಿ ಪಾಯಿಂಟುಗಳಿಲ್ಲ. ಅನೇಕ ಎಂಜಿನುಗಳ ಮೈಗೆ ಅಂಟಿಸಿದ ಒಂದು ಸಣ್ಣ ಸಂವೇದಕವು ನಾಕಿಂಗಿನ ಕಂಪನವನ್ನು ಕೇಳಿಸಿಕೊಳ್ಳುತ್ತದೆ, ಗಣಕವು ಕಿಡಿಯನ್ನು ಕ್ಷಣಕ್ಷಣಕ್ಕೂ ಹಿಂದುಮುಂದು ಮಾಡುತ್ತದೆ. ಏರುರಸ್ತೆಯಲ್ಲಿ ಕಿವಿಗೊಟ್ಟು ಮಿಸ್ತ್ರಿ ಮಾಡುತ್ತಿದ್ದುದನ್ನೇ ಅದೂ ಮಾಡುತ್ತಿದೆ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಹಳೆಯ ಅಂಬಾಸಿಡರೊಂದು ಇನ್ನೂ ಉಳಿದಿದ್ದರೆ, ಮಿಸ್ತ್ರಿಯವರ ಅಪ್ಪಣೆ ಪಡೆದು, ಬಲ್ಬು ಹೊತ್ತುವ ಆ ಗಳಿಗೆಯನ್ನು ಒಮ್ಮೆ ಕಣ್ಣಾರೆ ನೋಡಿರಿ. ಪುಸ್ತಕದ ಚಿತ್ರದಲ್ಲಿ ಪಿಸ್ಟನ್ನು ಎಲ್ಲಿತ್ತು, ನಿಜವಾಗಿ ಎಲ್ಲಿದೆ ಎಂಬುದನ್ನು ರಾಟೆಯ ಮೇಲಿನ ಕಚ್ಚೇ ನಿಮಗೆ ತೋರಿಸಿಕೊಡುವುದು.